ಬುಲೆಟ್ ಕಾರ್ಬೊರೇಟರ್ ಬೌಲ್ ಸ್ಕ್ರೂ ಒಂದೂ ಕದಲುತ್ತಿಲ್ಲ, ಅಪ್ಪಯ್ಯನ ಗಾಡಿ, ದಯವಿಟ್ಟು ದಾರಿ ಹೇಳಿ

ತುಂಗಾತೀರ (ಶನಿವಾರ ಬೆಳಗ್ಗೆ)

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯನ 1993ರ ಬುಲೆಟ್ 350 ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಕೊಟ್ಟಿಗೆಯಲ್ಲಿ ಒಂಬತ್ತು ವರ್ಷದಿಂದ ನಿಂತೇ ಇತ್ತು. ಈ ಮಳೆಗಾಲ ಶುರುವಾಗೋದರೊಳಗೆ ಅದನ್ನು ಓಡಿಸಲೇಬೇಕು ಅಂತ ಹಟ ಹಿಡಿದಿದ್ದೇನೆ. ಇಂಜಿನ್ ಜಾಮ್ ಆಗಿಲ್ಲ, ಕಿಕ್ ಇಳಿಯುತ್ತದೆ, ಸ್ಪಾರ್ಕ್ ಬರುತ್ತದೆ. ಪೆಟ್ರೋಲ್ ಮಾತ್ರ ಒಳಗೆ ಹೋಗುತ್ತಿಲ್ಲ.

ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಬಿಚ್ಚಿ ಬೆಂಗಳೂರಿನ ರೂಮಿಗೆ ತಂದಿದ್ದೇನೆ. ಮಿಕ್‌ಕಾರ್ಬ್ ವಿಎಂ24, ಗಾಡಿ ಜೊತೆ ಬಂದಿದ್ದೇ. ಪೆಟ್ರೋಲ್ ನಿಲ್ಲುವ ಕೆಳಗಿನ ಬೌಲ್ ತೆಗೆಯೋಣ ಅಂದರೆ ನಾಲ್ಕು ಸ್ಕ್ರೂನಲ್ಲಿ ಒಂದೂ ಕದಲಲಿಲ್ಲ. ಮನೆಯಲ್ಲಿದ್ದ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ಬಲವಾಗಿ ತಿರುಗಿಸಿದಾಗ ಟಕ್ ಟಕ್ ಅಂತ ಜಾರಿ ಒಂದರ ತಲೆ ಸವೆಯಿತು. ಹೆದರಿ ಅಲ್ಲಿಗೇ ನಿಲ್ಲಿಸಿದೆ. ಸ್ಕ್ರೂ ಸುತ್ತ ಬಿಳಿ ಪುಡಿ ಕಟ್ಟಿಕೊಂಡಿದೆ, ಸುಣ್ಣ ಇದ್ದ ಹಾಗೆ. ಊರಿನ ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ ಹೊಸದು ಹಾಕಿಸಿಬಿಡಿ ಅಂದರು. ನನಗೆ ಇದೇ ಬೇಕು. ಅಪ್ಪಯ್ಯ ಅಡಿಕೆ ಮಂಡಿಗೆ, ಆಸ್ಪತ್ರೆಗೆ, ನಮ್ಮ ಶಾಲೆಗೆ ಎಲ್ಲ ಓಡಾಡಿದ್ದು ಇದೇ ಕಾರ್ಬೊರೇಟರಿನಲ್ಲಿ. ಏನು ಮಾಡಲಿ?

ಹುಬ್ಬಳ್ಳಿ_ಪಾನಾ (ಶನಿವಾರ ಬೆಳಗ್ಗೆ)

ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ಸಣ್ಣ ಗ್ಯಾಸ್ ಟಾರ್ಚ್ ಸಿಗುತ್ತದೆ, ಸ್ಕ್ರೂ ತಲೆಗೆ ಒಂದು ನಿಮಿಷ ಬೆಂಕಿ ಹಿಡಿಯಿರಿ, ಕೆಂಪಗಾದ ಮೇಲೆ ತಿರುಗಿಸಿರಿ. ನಾನು ಸೈಲೆನ್ಸರ್ ನಟ್ಟು, ಚಾಸಿ ಬೋಲ್ಟ್ ಎಲ್ಲ ಹಾಗೇ ತೆಗೆಯೋದು. ಇಪ್ಪತ್ತು ವರ್ಷದಿಂದ ಇದೇ ಕೆಲಸ ರೀ.

ಹಳೇ_ಫಿಟ್ಟರ್ (ಶನಿವಾರ ಮಧ್ಯಾಹ್ನ)

ಬೇಡ ಬೇಡ. ತುಂಗಾತೀರ ಅವರೇ, ಟಾರ್ಚ್ ಮುಟ್ಟಲೇಬೇಡಿ. ಹುಬ್ಬಳ್ಳಿ ಅಣ್ಣ ಹೇಳಿದ್ದು ಕಬ್ಬಿಣದ ಭಾಗಕ್ಕೆ ಸರಿ, ಸೈಲೆನ್ಸರಿಗೆ ನಾನೂ ಬೆಂಕಿ ಹಿಡಿದಿದ್ದೇನೆ. ಕಾರ್ಬೊರೇಟರ್ ಲೆಕ್ಕ ಬೇರೆ.

ನಿಮ್ಮ ಮಿಕ್‌ಕಾರ್ಬ್‌ನಂಥ ಹಳೇ ಮಿಕುನಿ ಜಾತಿಯವು, ಇಂಗ್ಲೆಂಡಿನ ಅಮಾಲ್, ಇವುಗಳ ಮೈ ಸಾಮಾನ್ಯವಾಗಿ ಸತುವಿನ ಮಿಶ್ರಲೋಹ. ಅಚ್ಚಿಗೆ ಒತ್ತಿ ಎರಕ ಹೊಯ್ದಿರುತ್ತಾರೆ. ನಿಮ್ಮದನ್ನು ಅಂಗೈಯಲ್ಲಿಟ್ಟು ನೋಡಿ, ಅಷ್ಟು ಚಿಕ್ಕದಕ್ಕೆ ಇಷ್ಟು ಭಾರವಾ ಅನ್ನಿಸುತ್ತದೆ. ಅಲ್ಯೂಮಿನಿಯಂ ಆಗಿದ್ದರೆ ಅದರ ಅರ್ಧಕ್ಕಿಂತ ಕಡಿಮೆ ತೂಗುತ್ತಿತ್ತು. ಈ ಸತುವಿನ ಮಿಶ್ರಣ ಸುಮಾರು 385 ಡಿಗ್ರಿಗೇ ಕರಗುತ್ತದೆ. ಉಕ್ಕು ಕೆಂಪಗೆ ಕಾಣಬೇಕಾದರೆ 500 ದಾಟಬೇಕು. ಅಂದರೆ ಸ್ಕ್ರೂ ಕೆಂಪಾಗಲಿ ಅಂತ ಕಾಯುತ್ತ ಕೂತರೆ ಅದರ ಸುತ್ತಲಿನ ಕಿವಿ, ಅಂದರೆ ಸ್ಕ್ರೂ ಕೂರುವ ಚಾಚು, ಮೊದಲೇ ಕುಸಿದಿರುತ್ತದೆ. ಸತು ಬಣ್ಣ ಬದಲಿಸಿ ಎಚ್ಚರಿಕೆ ಕೊಡೋದಿಲ್ಲ. ಇದ್ದಕ್ಕಿದ್ದಂತೆ ಬೆಣ್ಣೆಯ ಹಾಗೆ ಇಳಿದುಬಿಡುತ್ತದೆ. ಎಷ್ಟು ಚೆನ್ನಾಗಿದ್ದ ಬಾಡಿಗಳು ಹೀಗೆ ಹೋಗಿದ್ದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಬಿಸಿ ಮಾಡಬೇಕು, ಅದು ನಿಜ. ಎಷ್ಟು, ಹೇಗೆ ಅಂತ ಸಂಜೆ ಬರೆಯುತ್ತೇನೆ. ಅಲ್ಲಿವರೆಗೆ ಸ್ಕ್ರೂಡ್ರೈವರ್ ಕೆಳಗಿಡಿ. ಮೂರು ತಲೆ ಇನ್ನೂ ಚೆನ್ನಾಗಿವೆ, ಅಲ್ವಾ? ಅವನ್ನು ಉಳಿಸಿಕೊಳ್ಳಬೇಕು.

ಕುಂದಾಪ್ರ_ಟೂಸ್ಟ್ರೋಕ್ (ಶನಿವಾರ ಮಧ್ಯಾಹ್ನ)

ನಮ್ಮ ಕಡೆ ಉಪ್ಪುಗಾಳಿ, ಗಾಡಿ ಎರಡು ಮಳೆಗಾಲ ನಿಂತರೆ ಸಾಕು, ಎಲ್ಲ ಸ್ಕ್ರೂ ಹಿಡಿದುಕೊಳ್ಳುತ್ತವೆ. ನನ್ನ ಯಮಹಾ ಆರ್‌ಎಕ್ಸ್ 100 ಕಾರ್ಬೊರೇಟರಿಗೂ ಹೀಗೇ ಆಗಿತ್ತು. ಅಮ್ಮ ದೇವರ ದೀಪ ಹುಣಸೆಹಣ್ಣಲ್ಲಿ ಉಜ್ಜುತ್ತಾರಲ್ಲ, ಅದನ್ನು ನೋಡಿ ಹುಣಸೆ ನೀರಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ಹೇಗೆ ಅಂತ ಯೋಚನೆ ಬಂದಿತ್ತು. ಮಾಡಲಿಲ್ಲ. ಯಾರಾದರೂ ಮಾಡಿದ್ದೀರಾ? ಪಟಿಕದ ನೀರಲ್ಲಿ ಕುದಿಸಿದರೆ ಉಕ್ಕಿನ ಸ್ಕ್ರೂ ಕರಗಿ ಹೋಗುತ್ತದೆ ಅಂತಲೂ ಕೇಳಿದ್ದೇನೆ.

ಲೋಹದ_ಮೇಷ್ಟ್ರು (ಶನಿವಾರ ಸಂಜೆ)

ಮಾಡದೇ ಇದ್ದದ್ದು ಒಳ್ಳೆಯದಾಯಿತು. ಡಿಪ್ಲೊಮಾ ಹುಡುಗರಿಗೆ ಇದೇ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹುಣಸೆ, ನಿಂಬೆ, ವಿನೆಗರ್, ಕೋಲಾ ಎಲ್ಲವೂ ಆಮ್ಲ. ಹಿತ್ತಾಳೆ ದೀಪಕ್ಕೆ ಅವು ಒಗ್ಗುತ್ತವೆ, ಮೇಲಿನ ಕಲೆ ಮಾತ್ರ ತಿಂದು ಲೋಹವನ್ನು ಹೆಚ್ಚು ಮುಟ್ಟೋದಿಲ್ಲ. ಸತುವಿಗೆ ಹಾಗಲ್ಲ. ಆಮ್ಲ ತಾಗಿದರೆ ಸಣ್ಣ ಗುಳ್ಳೆ ಬರುತ್ತದೆ ನೋಡಿ, ಅದು ಹೈಡ್ರೋಜನ್. ಕರಗುತ್ತಿರೋದು ನಿಮ್ಮ ಕಾರ್ಬೊರೇಟರಿನ ಮೈ. ಬೆಳಗ್ಗೆ ತೆಗೆದು ನೋಡಿದರೆ ಕಪ್ಪಗೆ, ಒರಟಾಗಿ ಇರುತ್ತದೆ, ಒಳಗಿನ ಸಣ್ಣ ದಾರಿಗಳ ಅಳತೆಯೂ ಕೆಟ್ಟಿರುತ್ತದೆ. ಪಟಿಕದ ಉಪಾಯ ಸುಳ್ಳಲ್ಲ, ಗಡಿಯಾರ ರಿಪೇರಿಯವರು ಹಿತ್ತಾಳೆ ಪ್ಲೇಟಿನಲ್ಲಿ ಮುರಿದ ಉಕ್ಕಿನ ಸ್ಕ್ರೂ ಹಾಗೇ ಕರಗಿಸುತ್ತಾರೆ. ಆದರೆ ಇಲ್ಲಿ ಸುತ್ತ ಇರೋದು ಹಿತ್ತಾಳೆಯಲ್ಲ, ಸತು. ಸ್ಕ್ರೂಗಿಂತ ಮೊದಲು ಮೈ ಹೋಗುತ್ತದೆ. ಕಾಸ್ಟಿಕ್ ಸೋಡಾ ಕೂಡ ಬೇಡ, ಅದೂ ಸತುವನ್ನು ತಿನ್ನುತ್ತದೆ.

ಆ ಬಿಳಿ ಪುಡಿ ಯಾಕೆ ಬಂತು ಅಂತ ಗೊತ್ತಾದರೆ ಬಿಡಿಸೋದೂ ಸುಲಭ. ಎರಡು ಬೇರೆ ಲೋಹ ಒಂದನ್ನೊಂದು ಮುಟ್ಟಿಕೊಂಡು, ನಡುವೆ ತೇವ ಇದ್ದರೆ ಅದು ಬ್ಯಾಟರಿ ಇದ್ದ ಹಾಗೆ. ಅದರಲ್ಲಿ ಒಂದು ಲೋಹ ಸವೆದು ಇನ್ನೊಂದನ್ನು ಕಾಯುತ್ತದೆ. ಉಕ್ಕು ಮತ್ತು ಸತುವಿನ ಜೋಡಿಯಲ್ಲಿ ಸವೆಯೋದು ಯಾವಾಗಲೂ ಸತುವೇ. ತಗಡಿನ ಶೀಟಿಗೆ ಸತು ಲೇಪ ಕೊಡೋದೂ ಇದೇ ಕಾರಣಕ್ಕೆ. ಹೀಗೆ ಸವೆದ ಸತು ಬಿಳಿ ಪುಡಿಯಾಗುತ್ತದೆ, ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಸ್ಕ್ರೂವಿನ ಸುರುಳಿ ಗೀರಿನ (ಥ್ರೆಡ್) ಸಂದಿಯಲ್ಲಿ ಜಾಗ ಎಲ್ಲಿದೆ? ಅಲ್ಲೇ ಒತ್ತಿಕೊಂಡು ಬೆಣೆ ಹೊಡೆದ ಹಾಗೆ ಸ್ಕ್ರೂ ಹಿಡಿದುಕೊಳ್ಳುತ್ತದೆ. ತೀರ್ಥಹಳ್ಳಿಯ ಮಳೆಯಲ್ಲಿ, ಕೊಟ್ಟಿಗೆಯ ತೇವದಲ್ಲಿ, ಒಂಬತ್ತು ವರ್ಷ ನಿಂತ ಗಾಡಿಗೆ ಇದು ಆಗದೇ ಇರುತ್ತದೆಯೇ.

ಹಳೇ_ಫಿಟ್ಟರ್ (ಶನಿವಾರ ರಾತ್ರಿ)

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ಈಗ ಕೆಲಸಕ್ಕೆ ಬರೋಣ.

ಮೊದಲನೆಯದು ಬಿಟ್, ಅಂದರೆ ಸ್ಕ್ರೂಡ್ರೈವರಿನ ತುದಿ. ನಿಮ್ಮ ಸ್ಕ್ರೂ ತಲೆ ಸವೆದದ್ದಕ್ಕೆ ನಿಮ್ಮ ಕೈ ಕಾರಣವಲ್ಲ, ಬಿಟ್ ಕಾರಣ. ನಾವೆಲ್ಲ ಸ್ಟಾರ್ ಅಂತ ಒಂದೇ ಹೆಸರಲ್ಲಿ ಕರೆಯೋದು ಎರಡು ಜಾತಿ. ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಫಿಲಿಪ್ಸ್. ಜಪಾನಿ ವಿನ್ಯಾಸದ ಗಾಡಿ, ಕಾರ್ಬೊರೇಟರುಗಳಲ್ಲಿ ಇರೋದು ಜೆಐಎಸ್, ಅಂದರೆ ಜಪಾನಿನ ಅಳತೆಯ ಕ್ರಾಸ್. ಎಷ್ಟೋ ಜೆಐಎಸ್ ಸ್ಕ್ರೂ ತಲೆ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತದೆ, ಚುಕ್ಕಿ ಇಲ್ಲದವೂ ಇವೆ. ಫಿಲಿಪ್ಸ್ ಬಿಟ್ ಅದರಲ್ಲಿ ಪೂರ್ತಿ ತಳಕ್ಕೆ ಕೂರೋದಿಲ್ಲ, ಜೋರು ಹಾಕಿದ ತಕ್ಷಣ ಮೇಲಕ್ಕೆ ಹತ್ತಿ ಜಾರುತ್ತದೆ. ನಿಮಗೆ ಕೇಳಿದ ಟಕ್ ಟಕ್ ಅದೇ. ಒಂದು ಸಲ ಜಾರಿದರೆ ಕ್ರಾಸಿನ ಅಂಚು ಹೋಯಿತು ಅಂತಲೇ.

ವೆಸೆಲ್ ಅನ್ನೋ ಜಪಾನಿ ಕಂಪನಿಯ 2ನೇ ನಂಬರ್ ಜೆಐಎಸ್ ಸ್ಕ್ರೂಡ್ರೈವರ್ ತರಿಸಿ. ಬೌಲ್ ಸ್ಕ್ರೂ 4 ಎಂಎಂ, ಅದಕ್ಕೆ 2ನೇ ನಂಬರೇ ಸರಿ. ಆನ್‌ಲೈನಲ್ಲಿ ಸಿಗುತ್ತದೆ, ಎಸ್.ಪಿ. ರೋಡಿನ ಟೂಲ್ ಅಂಗಡಿಗಳಲ್ಲೂ ವಿಚಾರಿಸಿ. ಸಿಗದೇ ಹೋದರೆ ಒಳ್ಳೆಯ ಫಿಲಿಪ್ಸ್ ಬಿಟ್ ಒಂದರ ತುದಿಯನ್ನು ಗ್ರೈಂಡರಿನಲ್ಲಿ ಅರ್ಧ ಮಿಲಿಮೀಟರ್ ಚಪ್ಪಟೆ ಮಾಡಿ, ಮಧ್ಯೆ ಮಧ್ಯೆ ನೀರಲ್ಲಿ ಅದ್ದಿಕೊಳ್ಳುತ್ತಾ, ಇಲ್ಲವಾದರೆ ಬಿಟ್ ಮೆತ್ತಗಾಗುತ್ತದೆ. ತುದಿ ತಳಕ್ಕೆ ತಾಗೋದು ತಪ್ಪಿದರೆ ರೆಕ್ಕೆಗಳು ಒಳಗೆ ಕೂರುತ್ತವೆ. ನಾವು ಮೊದಲೆಲ್ಲ ಮಾಡಿದ್ದು ಹೀಗೇ.

ಬಿಟ್ ಬರೋ ತನಕ ಸುಮ್ನೆ ಕೂರಬೇಡಿ. ಸೂಜಿ ತೆಗೆದುಕೊಂಡು ನಾಲ್ಕೂ ಕ್ರಾಸಿನ ಒಳಗಿನ ಮಣ್ಣು, ಗ್ರೀಸು ಕೆರೆದು ತೆಗೆಯಿರಿ. ತಳದಲ್ಲಿ ಅಕ್ಕಿ ನುಚ್ಚಿನಷ್ಟು ಕಸ ಇದ್ದರೂ ಬಿಟ್ ಮೇಲೇ ನಿಲ್ಲುತ್ತದೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ. ಡಬ್ಲ್ಯೂಡಿ-40 ಎಲ್ಲರ ಹತ್ತಿರ ಇರುತ್ತದೆ, ಆದರೆ ಅದರ ಮೊದಲ ಕೆಲಸ ನೀರು ಓಡಿಸೋದು, ಹೆಸರಲ್ಲೇ ಇದೆ. ನಾನು ಬಳಸೋದು ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆ ಅರ್ಧ, ಅಸಿಟೋನ್ ಅರ್ಧ. ಬೇಗ ಬೇರೆ ಆಗುತ್ತವೆ, ಪ್ರತಿ ಸಲ ಅಲ್ಲಾಡಿಸಬೇಕು. ಒಂದೊಂದು ಹನಿ ಸಾಕು. ರಬ್ಬರಿಗೆ, ಪ್ಲಾಸ್ಟಿಕ್ಕಿಗೆ, ಪೇಂಟಿಗೆ ತಾಗಿಸಬೇಡಿ. ಬೆಳಗ್ಗೆ ಒಂದು, ರಾತ್ರಿ ಒಂದು, ಎರಡು ಮೂರು ದಿನ. ಸ್ಕ್ರೂ ತಲೆ ಕೆಳಗಿನಿಂದ ಹನಿ ಹಾಕೋದಕ್ಕಿಂತ, ಕಾರ್ಬೊರೇಟರ್ ತಲೆಕೆಳಗೆ ಮಾಡಿ ಎಣ್ಣೆ ತಾನಾಗೇ ಇಳಿಯೋ ಹಾಗೆ ಇಡಿ.

ತುಂಗಾತೀರ (ಭಾನುವಾರ ಬೆಳಗ್ಗೆ)

ತುಂಬಾ ತುಂಬಾ ಧನ್ಯವಾದ ಸರ್. ಬಿಟ್ ಆರ್ಡರ್ ಮಾಡಿದೆ, ಬುಧವಾರ ಬರುತ್ತದಂತೆ. ಕ್ರಾಸ್ ಒಳಗೆ ನಿಜವಾಗಲೂ ಗಟ್ಟಿ ಮಣ್ಣಿತ್ತು, ಸೂಜಿಯಿಂದ ಅರ್ಧ ಗಂಟೆ ಕೆರೆದೆ. ಒಂದರಲ್ಲಿ ಚುಕ್ಕಿ ಕಾಣಿಸುತ್ತಿದೆ!

ಬಿಸಿ ಮಾಡೋದು ಹೇಗೆ ಅಂತ ಹೇಳಿ.

ಲೋಹದ_ಮೇಷ್ಟ್ರು (ಭಾನುವಾರ ಮಧ್ಯಾಹ್ನ)

ಬಿಸಿ ಮಾಡೋದರ ಹಿಂದಿನ ಲೆಕ್ಕ ನಾನು ಹೇಳುತ್ತೇನೆ, ಕೈಚಳಕ ಫಿಟ್ಟರ್ ಸಾಹೇಬರು ಹೇಳಲಿ. ಸತು ಮಿಶ್ರಲೋಹ ಬಿಸಿಗೆ ಉಕ್ಕಿನ ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. 4 ಎಂಎಂ ಸ್ಕ್ರೂ ಇರುವ ಜಾಗವನ್ನು 80 ಡಿಗ್ರಿ ಏರಿಸಿದರೆ ತೂತು ಸ್ಕ್ರೂಗಿಂತ ಸುಮಾರು 5 ಮೈಕ್ರಾನ್ ಜಾಸ್ತಿ ದೊಡ್ಡದಾಗುತ್ತದೆ. ಕೂದಲಿಗಿಂತ ಎಷ್ಟೋ ಪಾಲು ಕಡಿಮೆ, ನಿಜ. ಆದರೆ ಆ ಪುಡಿ ಬಿರುಕು ಬಿಡೋದಕ್ಕೆ ಅಷ್ಟು ಸಾಕು. ತಣ್ಣಗಾಗುವಾಗ ಆ ಬಿರುಕು ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಒಂದು ಸಲ ಜೋರಾಗಿ ಕಾಯಿಸೋದಕ್ಕಿಂತ ನಾಲ್ಕೈದು ಸಲ ಹದವಾಗಿ ಕಾಯಿಸಿ ಆರಿಸೋದು ಮೇಲು.

ಹಳೇ_ಫಿಟ್ಟರ್ (ಭಾನುವಾರ ಸಂಜೆ)

ಮೊದಲು ಒಂದು ಮಾತು. ಬೌಲ್ ಒಳಗೆ ಹಳೇ ಪೆಟ್ರೋಲ್ ಇರಬಹುದು. ಇದ್ದರೆ ಚೆಲ್ಲಿ, ಸೋಪಿನ ನೀರಲ್ಲಿ ಒಳಗೂ ಹೊರಗೂ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಅಸಿಟೋನ್ ಹಾಕಿದ ಮೇಲೂ ಅದು ಆರಿ ಹೋಗೋ ತನಕ ಬಿಸಿ ಬೇಡ. ಬ್ರೇಕ್ ಕ್ಲೀನರ್ ಸಿಂಪಡಿಸಿ ತಕ್ಷಣ ಕಾಯಿಸುವ ಅಭ್ಯಾಸ ಕೆಲವರಿಗಿದೆ. ಕ್ಲೋರಿನ್ ಇರೋ ಕ್ಲೀನರ್ ಆಗಿದ್ದರೆ ಅದರಿಂದ ವಿಷದ ಗಾಳಿ ಬರುತ್ತದೆ, ಜೀವಕ್ಕೇ ಅಪಾಯ. ಕಿಟಕಿ ಬಾಗಿಲು ತೆಗೆದು ಕೂರಿ.

ಹೇರ್ ಡ್ರೈಯರ್ ಇದೆಯಲ್ಲ, ಅದನ್ನೇ ಜೋರಿನಲ್ಲಿಟ್ಟು ಸ್ಕ್ರೂ ಇಳಿಯುವ ಆ ಮೂಲೆಗೆ ಹತ್ತು ನಿಮಿಷ ಹಿಡಿಯಿರಿ. ಹೀಟ್ ಗನ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ದೂರದಿಂದ, ಒಂದೇ ಕಡೆ ನಿಲ್ಲಿಸದೆ. ಎಷ್ಟು ಬಿಸಿ ಅಂತ ತಿಳಿಯೋಕೆ ಬೆರಳಲ್ಲಿ ಒಂದು ಹನಿ ನೀರು ಹಾಕಿ. ದೋಸೆ ಕಾವಲಿ ಮೇಲೆ ಹಾಕಿದ ಹಾಗೆ ಚುಂಯ್ ಅಂದರೆ ನಿಲ್ಲಿಸಿ, ಅದಕ್ಕಿಂತ ಮೇಲೆ ಬೇಡ. ಒಳಗೆ ಪೆಟ್ರೋಲಿನಲ್ಲಿ ತೇಲುವ ಫ್ಲೋಟು, ರಬ್ಬರ್ ತುದಿಯ ಸೂಜಿ ಇದೆ ಅನ್ನೋದು ನೆನಪಿರಲಿ.

ಇನ್ನು ಬಿಚ್ಚೋದು. ದಪ್ಪ ಮರದ ತುಂಡಿನ ಮೇಲೆ ಹಳೇ ಬಟ್ಟೆ ಮಡಿಸಿ ಹಾಕಿ ಕಾರ್ಬೊರೇಟರ್ ಅಲುಗಾಡದ ಹಾಗೆ ಕೂರಿಸಿ. ವೈಸಿಗೆ ಕಚ್ಚಿಸಬೇಡಿ, ಚಪ್ಪಟೆ ಅಂಚು (ಫ್ಲ್ಯಾಂಜ್) ಬಾಗುತ್ತದೆ. ಜೆಐಎಸ್ ಸ್ಕ್ರೂಡ್ರೈವರ್ ಕ್ರಾಸಿನಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ಹಿಡಿ ಮೇಲೆ ಚಿಕ್ಕ ಸುತ್ತಿಗೆಯಿಂದ ನಾಲ್ಕೈದು ಚುರುಕಾದ ಪೆಟ್ಟು. ಕಾಯಿ ಒಡೆಯುವ ಪೆಟ್ಟಲ್ಲ, ಗೋಡೆಗೆ ಸಣ್ಣ ಮೊಳೆ ಹೊಡೆಯುವಷ್ಟು. ಇದರಿಂದ ಎರಡು ಲಾಭ. ಬಿಟ್ ತಳಕ್ಕೆ ಕೂರುತ್ತದೆ, ಮತ್ತೆ ಸ್ಕ್ರೂ ತಲೆಯ ಅಡಿಯ ಹಿಡಿತ ಸಡಿಲವಾಗುತ್ತದೆ. ಸ್ಕ್ರೂ ಬಿಗಿ ಅಂದರೆ ಎಲ್ಲರೂ ಥ್ರೆಡ್ ಅಂತ ಯೋಚಿಸುತ್ತಾರೆ, ಆದರೆ ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಹೋಗೋದು ತಲೆಯ ಅಡಿಯ ಉಜ್ಜಾಟಕ್ಕೆ.

ಆಮೇಲೆ ಮೈಭಾರವೆಲ್ಲ ಕೆಳಗೆ ಒತ್ತಿ, ಸ್ವಲ್ಪವೇ ತಿರುಗಿಸಿ. ಒತ್ತೋದು ಮುಕ್ಕಾಲು, ತಿರುಗಿಸೋದು ಕಾಲು. ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಸ್ಕ್ರೂಡ್ರೈವರ್ ಕತ್ತಿನಲ್ಲಿ ಷಡ್ಭುಜ ಇದ್ದರೆ ಅಲ್ಲಿಗೆ ಪಾನಾ ಹಾಕಿಕೊಳ್ಳಿ. ಬಿಟ್ ಮೇಲಕ್ಕೆ ಏಳುತ್ತಿದೆ ಅನ್ನಿಸಿದ ಕ್ಷಣ ನಿಲ್ಲಿಸಿ, ಮತ್ತೆ ಬಿಸಿ, ಮತ್ತೆ ಎಣ್ಣೆ, ಮರುದಿನ ನೋಡೋಣ.

ಯಾರೋ ಬಂದು ಇಂಪ್ಯಾಕ್ಟ್ ಡ್ರೈವರ್, ಅಂದರೆ ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಸ್ಕ್ರೂಡ್ರೈವರ್, ಅಂತ ಹೇಳುತ್ತಾರೆ. ಇಂಜಿನ್ ಕವರಿಗೆ ಅದು ಒಳ್ಳೆಯ ಹತಾರ. ಕಾರ್ಬೊರೇಟರಿನ ಈ ತೆಳು ಕಿವಿಗೆ ದೊಡ್ಡ ಸುತ್ತಿಗೆ ಬೀಸಿದರೆ ಸ್ಕ್ರೂ ಜೊತೆ ಕಿವಿಯೂ ಬರುತ್ತದೆ. ಸತು ಹಳೆಯದಾದ ಮೇಲೆ ಬಾಗೋದಿಲ್ಲ, ಬಿಸ್ಕತ್ತಿನ ಹಾಗೆ ಮುರಿಯುತ್ತದೆ.

ಜಾವಾಮನೆ_ಮೈಸೂರು (ಸೋಮವಾರ)

ನಮ್ಮೂರಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ಇತ್ತಲ್ಲ, ಹಾಗಾಗಿ ಇಲ್ಲಿ ಯಾವ ಬೀದಿಗೆ ಹೋದರೂ ಜಾವಾ, ಯೆಜ್ಡಿ ಬಿಚ್ಚಿ ಗೊತ್ತಿರುವ ಹಿರಿಯರು ಒಬ್ಬರಾದರೂ ಸಿಗುತ್ತಾರೆ. ನಾನು ಕಲಿತ ಅಜ್ಜ ಒಂದು ಕ್ರಮ ಹೇಳಿಕೊಟ್ಟಿದ್ದರು, ಇವತ್ತಿಗೂ ಬಿಟ್ಟಿಲ್ಲ. ನಾಲ್ಕು ಸ್ಕ್ರೂನಲ್ಲಿ ಸುಲಭವಾಗಿ ಬರುವುದನ್ನು ಮೊದಲು ಪೂರ್ತಿ ತೆಗೆಯಬೇಡಿ. ಪ್ರತಿಯೊಂದನ್ನೂ ಕಾಲು ಸುತ್ತು ಸಡಿಲ ಮಾಡಿ ಬಿಡಿ. ಮೂರು ಪೂರ್ತಿ ತೆಗೆದು ಒಂದು ಉಳಿದರೆ ಬೌಲಿನ ಎಳೆತವೆಲ್ಲ ಆ ಒಂದರ ಮೇಲೆ ಬೀಳುತ್ತದೆ, ಅದು ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಇನ್ನೊಂದು. ತಲೆ ಸವೆದಿರುವುದಕ್ಕೆ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್ ಸಿಗುತ್ತದೆ, ಮರಳು ಮರಳಾಗಿರುತ್ತದೆ. ಬಿಟ್ ತುದಿಗೆ ಕಾಳಿನಷ್ಟು ಹಚ್ಚಿ ಪ್ರಯತ್ನಿಸಿ, ಹಿಡಿತ ಬರುತ್ತದೆ. ಕೆಲಸ ಆದ ಮೇಲೆ ಅದರ ಒಂದು ಕಣವೂ ಕಾರ್ಬೊರೇಟರ್ ಒಳಗೆ ಉಳಿಯದ ಹಾಗೆ ತೊಳೆಯಬೇಕು.

ಕುಂದಾಪ್ರ_ಟೂಸ್ಟ್ರೋಕ್ (ಸೋಮವಾರ)

ಸರ್, ಹಾಗೂ ಬರದಿದ್ದರೆ ಈಜಿ ಔಟ್ (ಸ್ಕ್ರೂಗೆ ತೂತು ಕೊರೆದು, ಒಳಗೆ ಕಚ್ಚಿಸಿ ಉಲ್ಟಾ ತಿರುಗಿಸುವ ಹತಾರ) ಹಾಕಬಹುದಾ? ನಾನು ಹಾಕಿದೆ. ಆರ್‌ಎಕ್ಸ್‌ನ ಸ್ಕ್ರೂ ಒಳಗೇ ಈಜಿ ಔಟ್ ಕೂಡ ಮುರಿದು ಕೂತಿದೆ. ಆರು ತಿಂಗಳಿಂದ ಡಬ್ಬಿಯಲ್ಲಿಟ್ಟಿದ್ದೇನೆ. ಕೇಳೋದಕ್ಕೆ ನಾಚಿಕೆ ಆಗಿ ಸುಮ್ನಿದ್ದೆ.

ಹಳೇ_ಫಿಟ್ಟರ್ (ಸೋಮವಾರ ರಾತ್ರಿ)

ನಾಚಿಕೆ ಯಾಕಪ್ಪಾ, ಕೈ ಇಟ್ಟವರಿಗೆಲ್ಲ ಆಗಿರುತ್ತದೆ. 4 ಎಂಎಂ ಸ್ಕ್ರೂಗೆ ಈಜಿ ಔಟ್ ಹಾಕೋದು ನನ್ನ ಮಟ್ಟಿಗೆ ಬೇಡವೇ ಬೇಡ. ಅಷ್ಟು ಸಣ್ಣ ಈಜಿ ಔಟ್ ಗಾಜಿನ ಹಾಗೆ ಮುರಿಯುತ್ತದೆ, ಮುರಿದ ತುಂಡು ಡ್ರಿಲ್ ಬಿಟ್‌ಗಿಂತ ಗಟ್ಟಿ. ಈಗ ನಿಮ್ಮದಕ್ಕೆ ಇರುವ ದಾರಿ ಇಡಿಎಂ, ಅಂದರೆ ವಿದ್ಯುತ್ ಕಿಡಿಯಿಂದ ಲೋಹ ತಿನ್ನಿಸುವ ಯಂತ್ರ. ಡೈ ಮಾಡುವ ವರ್ಕ್‌ಶಾಪುಗಳಲ್ಲಿ ಇರುತ್ತದೆ, ಪೀಣ್ಯದಲ್ಲಿ ಬೇಕಾದಷ್ಟಿವೆ, ಮಂಗಳೂರಿನ ಬೈಕಂಪಾಡಿಯಲ್ಲೂ ಕೇಳಿ ನೋಡಿ. ಅದಾದ ಮೇಲೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ತಂತಿಸುರುಳಿ, ಹಾಕಿಸಿದರೆ ಮೊದಲಿನ 4 ಎಂಎಂ ಸ್ಕ್ರೂವೇ ಕೂರುತ್ತದೆ. ಕಿವಿ ದಪ್ಪ ಇದ್ದರೆ 4.2 ಡ್ರಿಲ್ ಹೊಡೆದು 5 ಎಂಎಂ ಟ್ಯಾಪಿನಿಂದ ಹೊಸ ಥ್ರೆಡ್ ಕೊರೆದುಬಿಡಬಹುದು.

ತುಂಗಾತೀರ (ಗುರುವಾರ ರಾತ್ರಿ)

ಬಿಟ್ ನಿನ್ನೆ ಬಂತು. ಕ್ರಾಸಿಗೆ ಹಾಕಿದ ತಕ್ಷಣ ವ್ಯತ್ಯಾಸ ಗೊತ್ತಾಯಿತು, ಮೊದಲಿನದು ಅಲ್ಲಾಡುತ್ತಿತ್ತು, ಇದು ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು. ನಿನ್ನೆ ಮೂರು ಸಲ ಬಿಸಿ, ಮೂರು ಸಲ ಎಣ್ಣೆ. ತಿರುಗಿಸೋಕೆ ಹೋಗಲಿಲ್ಲ. ಇವತ್ತು ಸಂಜೆ ಮತ್ತೆ ಬಿಸಿ ಮಾಡಿ, ಪೆಟ್ಟು ಕೊಟ್ಟು, ಒತ್ತಿ ತಿರುಗಿಸಿದೆ. ಎರಡನೆಯ ಸ್ಕ್ರೂ ಕಟಕ್ ಅಂತು. ಮುರಿಯಿತು ಅಂದುಕೊಂಡು ಎದೆ ಧಸಕ್ಕೆಂದಿತು. ಮುರಿದಿರಲಿಲ್ಲ, ತಿರುಗಿತ್ತು! ಹಾಗೇ ಇನ್ನೆರಡೂ ಬಂದವು. ಮೈಸೂರಿನವರು ಹೇಳಿದ ಹಾಗೆ ಕಾಲು ಸುತ್ತು ಮಾತ್ರ ಬಿಟ್ಟಿದ್ದೇನೆ.

ತಲೆ ಸವೆದದ್ದು ಮಾತ್ರ ಬರುತ್ತಿಲ್ಲ. ಪೇಸ್ಟ್ ಹಚ್ಚಿ ನೋಡಿದೆ, ಪೂರ್ತಿ ದುಂಡಗಾಯಿತು. ಈಗ ಏನು?

ಹಳೇ_ಫಿಟ್ಟರ್ (ಗುರುವಾರ ರಾತ್ರಿ)

ನಾಲ್ಕರಲ್ಲಿ ಮೂರು ಬಂದಿವೆ, ಇದು ದೊಡ್ಡ ಕೆಲಸ. ಕೊನೆಯದಕ್ಕೆ ತಲೆ ತೆಗೆದುಬಿಡೋಣ. ಹೆದರಬೇಡಿ, ಇದು ಈಜಿ ಔಟ್ ತರಹ ಅಲ್ಲ.

ಕ್ರಾಸಿನ ನಡುವೆ ಸೆಂಟರ್ ಪಂಚ್ ಇಟ್ಟು ಒಂದು ಗುರುತು. 4 ಎಂಎಂ ಹೊಸ ಡ್ರಿಲ್ ಬಿಟ್, ಬ್ಯಾಟರಿ ಡ್ರಿಲ್ ನಿಧಾನ ವೇಗದಲ್ಲಿ, ಒಂದು ಹನಿ ಎಣ್ಣೆ. ಸ್ಕ್ರೂ ತಲೆಯ ದಪ್ಪದಷ್ಟು ಮಾತ್ರ ಇಳಿಸಬೇಕು. ಬಿಟ್ ಮೇಲೆ ಆ ಅಳತೆಗೆ ಇನ್ಸುಲೇಷನ್ ಟೇಪ್ ಸುತ್ತಿಕೊಳ್ಳಿ, ಟೇಪ್ ತಾಗಿದರೆ ನಿಲ್ಲಿಸೋದು. ತಲೆ ತಾನಾಗೇ ಉಂಗುರದ ಹಾಗೆ ಬಿಟ್ಟುಕೊಂಡು ಬಿಟ್ ಮೇಲೆ ತಿರುಗುತ್ತದೆ. ಪೆಟ್ರೋಲ್, ಗಾಳಿ ದಾರಿಗಳಿಗೆಲ್ಲ ಮೊದಲೇ ಟೇಪ್ ಹಾಕಿರಿ, ಲೋಹದ ಪುಡಿ ಒಳಗೆ ಹೋಗಬಾರದು. ಕನ್ನಡಕ ಹಾಕಿಕೊಳ್ಳಿ.

ತಲೆ ಹೋಯಿತು ಅಂದರೆ ಎಳೆತವೂ ಹೋಯಿತು. ಉಳಿದ ಮೂರು ಸ್ಕ್ರೂ ತೆಗೆದು, ಬೌಲನ್ನು ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಸುತ್ತಲೂ ತಟ್ಟಿ ಮೇಲಕ್ಕೆತ್ತಿ. ಸಂದಿಗೆ ಮೈನಸ್ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಗ್ಯಾಸ್ಕೆಟ್ ಕೂರುವ ಮುಖಕ್ಕೆ ಗೀರು ಬಿದ್ದರೆ ಜೀವನಪೂರ್ತಿ ಪೆಟ್ರೋಲ್ ಸೋರುತ್ತದೆ. ಬೌಲ್ ಬಂದ ಮೇಲೆ ಸ್ಕ್ರೂವಿನ ಉಳಿದ ಕಾಂಡ ಹೊರಗೆ ಚಾಚಿಕೊಂಡಿರುತ್ತದೆ. ವೈಸ್ ಗ್ರಿಪ್ಪಲ್ಲಿ ಕಚ್ಚಿ, ಬಿಸಿ ಮಾಡಿ, ಮುಂದೆ ಹಿಂದೆ ಆಡಿಸುತ್ತಾ ತೆಗೆಯಿರಿ.

ತುಂಗಾತೀರ (ಶನಿವಾರ)

ಬಂತು!! ತಲೆ ನೀವು ಹೇಳಿದ ಹಾಗೇ ಉಂಗುರವಾಗಿ ಬಿಟ್ ಮೇಲೆ ಬಂತು. ಕಾಂಡ ವೈಸ್ ಗ್ರಿಪ್ಪಲ್ಲಿ ಎಷ್ಟು ಸುಲಭವಾಗಿ ತಿರುಗಿತು ಅಂದರೆ ನನಗೆ ನಂಬೋಕೇ ಆಗಲಿಲ್ಲ. ಥ್ರೆಡ್ ಒಂದೂ ಹಾಳಾಗಿಲ್ಲ.

ಒಳಗಿನ ನೋಟ ಮಾತ್ರ ಬೇಸರ. ಪೆಟ್ರೋಲ್ ಆರಿ ಬೆಲ್ಲದ ಪಾಕದ ಹಾಗೆ ಅಂಟಿದೆ, ತಳದಲ್ಲಿ ಬಿಳಿ ಹುಡಿ, ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಮೇಲೆ ಹಸಿರು. ಮೇನ್ ಜೆಟ್ ಬಂತು. ಪೈಲಟ್ ಜೆಟ್ ಬಾವಿಯ ಒಳಗೆ ಕೂತ ಹಾಗೆ ಆಳದಲ್ಲಿದೆ, ಕದಲುತ್ತಿಲ್ಲ. ಅದಕ್ಕೂ ಹೀಗೇ ಮಾಡಲಾ?

ಜಾವಾಮನೆ_ಮೈಸೂರು (ಶನಿವಾರ)

ಸ್ವಲ್ಪ ನಿಲ್ಲಿ. ಜೆಟ್ ಹಿತ್ತಾಳೆ, ಮೆತ್ತಗಿನ ಲೋಹ. ಅಲ್ಲಿ ಸುತ್ತಿಗೆ ಪೆಟ್ಟು ಕೊಟ್ಟರೆ ಜೆಟ್ ತಲೆ ಅರಳಿ ಬಾವಿಗೇ ಕಚ್ಚಿಕೊಳ್ಳುತ್ತದೆ. ಬಿಸಿಯ ಲಾಭವೂ ಇಲ್ಲಿ ಕಡಿಮೆ, ಹಿತ್ತಾಳೆಯೂ ಚೆನ್ನಾಗೇ ಹಿಗ್ಗುತ್ತದೆ. ಇಲ್ಲಿ ಗೆಲ್ಲೋದು ಸ್ಕ್ರೂಡ್ರೈವರಿನ ಅಳತೆ. ಹಳೇ ಮೈನಸ್ ಸ್ಕ್ರೂಡ್ರೈವರ್ ಒಂದನ್ನು ಉಜ್ಜಿ, ಜೆಟ್‌ನ ಗೀರಿನ ಪೂರ್ತಿ ಅಗಲಕ್ಕೆ, ಪೂರ್ತಿ ದಪ್ಪಕ್ಕೆ ಸರಿಯಾಗಿ ಮಾಡಿ. ತುದಿ ಬೆಣೆಯ ಹಾಗೆ ಚೂಪಾಗಿರಬಾರದು, ಎರಡೂ ಮುಖ ಸಮಾನಾಂತರ ಇರಬೇಕು. ಬಾವಿಯಲ್ಲಿ ಕಾರ್ಬೊರೇಟರ್ ಕ್ಲೀನರ್ ತುಂಬಿ ರಾತ್ರಿ ಬಿಡಿ. ಹಿಡಿದಿರೋದು ಹೆಚ್ಚಾಗಿ ಆ ಪಾಕವೇ, ಅದು ಕರಗಿದರೆ ಜೆಟ್ ಬರುತ್ತದೆ.

ಹೊರಗೆ ಬಂದ ಮೇಲೆ ತೂತಿಗೆ ಉಕ್ಕಿನ ತಂತಿ ಚುಚ್ಚಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಎಷ್ಟು ಜನ ಹೀಗೆ ಜೆಟ್ ದೊಡ್ಡದು ಮಾಡಿ, ಆಮೇಲೆ ಗಾಡಿ ಮೈಲೇಜ್ ಕೊಡಲ್ಲ ಅಂತ ಬರುತ್ತಾರೆ. ಕರೆಂಟ್ ವಯರಿನ ಒಂದು ತಾಮ್ರದ ಎಳೆ ಸಾಕು. ಪಕ್ಕದಲ್ಲಿರುವ, ಗಾಳಿ ಹದ ಮಾಡುವ ಏರ್ ಸ್ಕ್ರೂ ತೆಗೆಯುವ ಮೊದಲು ಒಳಗೆ ಎಷ್ಟು ಸುತ್ತು ಹೋಗುತ್ತದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ.

ಹುಬ್ಬಳ್ಳಿ_ಪಾನಾ (ಭಾನುವಾರ)

ಎಲ್ಲ ಓದಿದೆ ರೀ. ನಾನು ಟಾರ್ಚ್ ಅಂತ ಹೇಳಿದ್ದು ತಪ್ಪಾತು. ಎರಡು ಕಾರ್ಬೊರೇಟರ್ ಕಿವಿ ಕರಗಿದ್ದು ನನ್ನ ಕೈಯಾಗೂ ಆಗೇತಿ, ಮಾಲು ಕಳಪೆ ಇರಬೇಕು ಅಂತ ತಿಳಿದಿದ್ದೆ. ಕಾರಣ ಈಗ ಗೊತ್ತಾಯಿತು. ಒಂದು ಕೇಳತೀನಿ, ವಾಪಸ್ ಹಾಕುವಾಗ ಸ್ಟೇನ್‌ಲೆಸ್ ಸ್ಟೀಲ್ ಅಲೆನ್ ಸ್ಕ್ರೂ (ತಲೆಯಾಗ ಆರು ಮೂಲೆಯ ತೂತಿನದು) ಹಾಕಬಹುದಾ? ಗಿರಾಕಿಗಳು ಅದನ್ನೇ ಕೇಳತಾರ, ಹೊಳಿತೈತಿ ಅಂತ.

ಲೋಹದ_ಮೇಷ್ಟ್ರು (ಭಾನುವಾರ)

ಇದನ್ನು ಬಂದು ಹೇಳಿದ್ದಕ್ಕೆ ನಿಮಗೆ ನಮಸ್ಕಾರ. ಅಲೆನ್ ತಲೆ ಒಳ್ಳೆಯದೇ, ಕೀಲಿ ಜಾರೋದಿಲ್ಲ. ಲೋಹದ ವಿಷಯಕ್ಕೆ ಬಂದರೆ ಸ್ಟೇನ್‌ಲೆಸ್ ಮತ್ತು ಸತುವಿನ ನಡುವೆ ಆ ಬ್ಯಾಟರಿ ಆಟ ಸಾದಾ ಉಕ್ಕಿಗಿಂತ ಜೋರು. ಸತು ಲೇಪ ಕೊಟ್ಟ ಉಕ್ಕಿನ ಸ್ಕ್ರೂ ನನಗೆ ಹೆಚ್ಚು ಹಿಡಿಸುತ್ತದೆ. ಯಾವುದೇ ಹಾಕಿ, ಥ್ರೆಡ್‌ಗೆ ತೆಳ್ಳಗೆ ಗ್ರೀಸ್ ಸವರಿದರೆ ತೇವ ಒಳಗೆ ಇಳಿಯೋದಿಲ್ಲ.

ಹಳೇ_ಫಿಟ್ಟರ್ (ಭಾನುವಾರ)

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಪ್ರತಿ ವರ್ಷ ಬಿಚ್ಚುವ ಗಾಡಿಗೆ ಸ್ಟೇನ್‌ಲೆಸ್ ಹಾಕಿದ್ದೇನೆ, ಗ್ರೀಸ್ ಇದ್ದರೆ ತೊಂದರೆ ಕಂಡಿಲ್ಲ. ಆದರೆ ಹಾಕಿ ಮರೆತುಬಿಡುವ ಗಾಡಿಯಾದರೆ ಮೇಷ್ಟ್ರ ಮಾತೇ ಸರಿ.

ಉದ್ದ ಮಾತ್ರ ಅಳೆದು ತನ್ನಿ. ಆ ತೂತಿಗೆ ತಳ ಇದೆ. 2 ಎಂಎಂ ಉದ್ದ ಜಾಸ್ತಿ ಆದರೂ ತುದಿ ತಳಕ್ಕೆ ಒತ್ತಿ ಕಿವಿ ಸೀಳುತ್ತದೆ. ಅಲೆನ್ ಕೀಲಿ ಉದ್ದ ಇರುವುದರಿಂದ ಎಷ್ಟು ಬಲ ಹಾಕಿದೆವು ಅಂತ ಗೊತ್ತೇ ಆಗೋದಿಲ್ಲ. ಗಿಡ್ಡ ಬದಿ ಹಿಡಿದು ಎರಡು ಬೆರಳಲ್ಲಿ ಬಿಗಿ ಮಾಡಿ, ಅಳತೆ ಬೇಕು ಅಂದರೆ 2 ನ್ಯೂಟನ್ ಮೀಟರ್ ಒಳಗೆ. ಎದುರುಬದುರು ಮೂಲೆ, ಸ್ವಲ್ಪ ಸ್ವಲ್ಪ. ಹೊಸ ಗ್ಯಾಸ್ಕೆಟ್ ಜೆ.ಸಿ. ರೋಡಿನಲ್ಲಿ ಕೇಳಿ, ಹಳೇ ಸ್ಕ್ರೂ ಮತ್ತು ಬೌಲ್ ಜೊತೆಗೇ ಒಯ್ಯಿರಿ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಅದನ್ನು ಬಿಡುಗಡೆ ಮಾಡಿದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ, ನೀರು ಜಾಸ್ತಿಯಾದರೆ ಬೇರೆಯಾಗಿ ಬೌಲಿನ ತಳಕ್ಕೆ ಕೂರುತ್ತದೆ. ಮಲೆನಾಡಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಾನಾಗೇ ನಿಲ್ಲುವ ತನಕ ಓಡಿಸಿ ಬೌಲ್ ಖಾಲಿ ಮಾಡಿ ಇಡಿ.

ತುಂಗಾತೀರ (ಮುಂದಿನ ಭಾನುವಾರ)

ಪೈಲಟ್ ಜೆಟ್ ಎರಡು ರಾತ್ರಿ ಕ್ಲೀನರಿನಲ್ಲಿ ನೆನೆದ ಮೇಲೆ ಬಂತು. ತಾಮ್ರದ ಎಳೆಯಿಂದಲೇ ತೂತು ಬಿಡಿಸಿದೆ, ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಚುಕ್ಕೆ ಕಾಣುತ್ತದೆ. ನಿನ್ನೆ ಊರಿಗೆ ಬಂದು ಕಾರ್ಬೊರೇಟರ್ ಕೂರಿಸಿದೆ. ಏರ್ ಸ್ಕ್ರೂ ಒಂದೂವರೆ ಸುತ್ತಿಗೆ, ಎಣಿಸಿಟ್ಟ ಹಾಗೇ. ಹದಿನಾರನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅಪ್ಪಯ್ಯ ಒಳಗಿನಿಂದಲೇ "ಚೋಕ್ ಇಳ್ಸೇ, ಕುಡೀತದೆ" ಅಂತ ಕೂಗಿದರು.

ಬೌಲ್ ಸೋರುತ್ತಿಲ್ಲ. ಮೂರು ಹಳೇ ಸ್ಕ್ರೂ, ಒಂದು ಹೊಸದು, ಎಲ್ಲಕ್ಕೂ ಗ್ರೀಸ್. ಟ್ಯಾಂಕ್ ಒಳಗೆ ತುಕ್ಕು ಇದೆ, ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.

ಕುಂದಾಪ್ರ_ಟೂಸ್ಟ್ರೋಕ್ (ಸೋಮವಾರ)

ಅಭಿನಂದನೆ! ನಾನೂ ಡಬ್ಬಿ ತೆಗೆದೆ. ಬೈಕಂಪಾಡಿಯಲ್ಲಿ ಇಡಿಎಂ ಇರುವ ಒಂದು ವರ್ಕ್‌ಶಾಪ್ ಸಿಕ್ಕಿದೆ, ಗುರುವಾರ ತನ್ನಿ ಅಂದಿದ್ದಾರೆ.

ಹುಬ್ಬಳ್ಳಿ_ಪಾನಾ (ಮಂಗಳವಾರ)

ಜೆಐಎಸ್ ಬಿಟ್ ತರಿಸೇನಿ. ಇವತ್ತು ಹಳೇ ಹೀರೋ ಹೋಂಡಾ ಸಿಡಿ 100 ಒಂದು ಬಂದಿತ್ತು, ಬೌಲ್ ಸ್ಕ್ರೂ ಕಚ್ಚಿತ್ತು. ಮನೆಯಿಂದ ಹೇರ್ ಡ್ರೈಯರ್ ತರಿಸಿ ಕಾಯಿಸಿದೆ. ಎರಡು ಸಲ ಕಾಯಿಸೋದರೊಳಗ ಎಲ್ಲಾ ಬಂದವು. ಫಿಟ್ಟರ್ ಸರ್, ಈ ಬಿಟ್ ತುದಿ ಸವೆದದ್ದು ಹೆಂಗ ಗೊತ್ತಾಗತೈತಿ?

ಹಳೇ_ಫಿಟ್ಟರ್ (ಮಂಗಳವಾರ ರಾತ್ರಿ)

ಹೊಸ ಸ್ಕ್ರೂ ಒಂದನ್ನು ಬಿಟ್ ತುದಿಗೆ ಸಿಕ್ಕಿಸಿ ಅಡ್ಡ ಹಿಡಿಯಿರಿ. ಆಯಸ್ಕಾಂತ ಇಲ್ಲದೆಯೂ ಬೀಳದೆ ನಿಂತರೆ ಬಿಟ್ ಚೆನ್ನಾಗಿದೆ. ಜಾರಿ ಬಿದ್ದರೆ ಬೇರೆ ತರಿಸಿ.